ಹಗ್ಗದ ತುದಿಯ ಭಾರ

ತುಂಬಿದ ಕೊಡವೊಂದು ತಕ್ಕಡಿಯಲ್ಲಿ 18 ಕಿಲೋ ತೂಗುತ್ತದೆ ಎಂದುಕೊಳ್ಳೋಣ. ಅದನ್ನೇ ಹಗ್ಗಕ್ಕೆ ಕಟ್ಟಿ ಎತ್ತಿದರೆ ಕೈಗೆ ಸಿಗುವ ಭಾರ ಎಷ್ಟು? ಬಾವಿಯಿಂದ ನೀರು ಸೇದಿದವರು ಯಾರೂ ಥಟ್ಟನೆ 18 ಎನ್ನುವುದಿಲ್ಲ. ಕೊಡ ನೇರವಾಗಿ ತೂಗುತ್ತಾ ಒಂದೇ ವೇಗದಲ್ಲಿ ಏರುತ್ತಿರಬೇಕು, ಹಗ್ಗ ಎಲ್ಲಿಯೂ ಉಜ್ಜಬಾರದು, ಹಗ್ಗಕ್ಕೆ ಸ್ವಂತ ತೂಕವೇ ಇರಬಾರದು. ಆಗ ಮಾತ್ರ ಆ ಉತ್ತರ ಸರಿ. ಬಾವಿಕಟ್ಟೆಯ ಮೇಲೆ ಇವೆಲ್ಲ ಒಟ್ಟಿಗೆ ಕೂಡಿಬರುವುದಿಲ್ಲ. ಅದೇ ಕೊಡ ಒಂದು ಗಳಿಗೆ ಮೂರು ಕಿಲೋಗಿಂತ ಹಗುರ, ಮರುಗಳಿಗೆ ಇಪ್ಪತ್ತನ್ನು ಮೀರಿದ ಭಾರ, ರಾಟೆ ಇಲ್ಲದ ಕಡೆ ನಲವತ್ತನ್ನೂ ದಾಟುತ್ತದೆ. ಇದರಲ್ಲಿ ಒಂದಷ್ಟು ನಿಜವಾದ ಬಲ, ಒಂದಷ್ಟು ಮೈ ಅದನ್ನು ಓದಿಕೊಳ್ಳುವ ರೀತಿ. ಎರಡೂ ಸೇರಿದಾಗಲೇ ನಮ್ಮ ಬಾಯಲ್ಲಿ ‘ಅಬ್ಬಾ, ಭಾರ’ ಎಂಬ ಮಾತು ಬರುವುದು. ಹಗ್ಗ ಹಿಡಿದು ಬದುಕಿದವರಿಗೆ ಈ ಲೆಕ್ಕವೆಲ್ಲ ಅಂಗೈಯಲ್ಲೇ ಇತ್ತು ಎಂಬುದು ನನ್ನ ಗಟ್ಟಿ ನಂಬಿಕೆ. ಅವರ ಆ ಅರಿವನ್ನು ನಾವು ಬರಿಯ ತೋಳ್ಬಲವೆಂದು ಎಣಿಸಿದ್ದೇವೆ. ಅದು ನನಗೆ ನೋವಿನ ಸಂಗತಿ.

ನಾನು ಬೆಳೆದದ್ದು ಅರಸೀಕೆರೆ ಸೀಮೆಯಲ್ಲಿ. ತೆಂಗು, ರಾಗಿ, ಅಟ್ಟದ ತುಂಬ ಕೊಬ್ಬರಿ ಇರುವ ಊರುಗಳು. ಮಳೆ ಕಡಿಮೆ, ಬಾವಿ ಆಳ. ಮದುವೆಯಾಗಿ ಬಂದದ್ದು ಚಿಕ್ಕಮಗಳೂರು ಜಿಲ್ಲೆಯ ಕೊಪ್ಪದ ಕಡೆಗೆ. ಇಲ್ಲಿ ಜೋರು ಮಳೆಗಾಲದಲ್ಲಿ ಬಾವಿಯ ನೀರು ತೀರ ಮೇಲಕ್ಕೆ ಬಂದಿರುತ್ತದೆ, ರಾಟೆಗೆ ಹೆಚ್ಚು ಕೆಲಸವಿಲ್ಲ. ಆದರೆ ಮರದ ಮೇಲಿರುವುದನ್ನೆಲ್ಲ ನೆಲಕ್ಕೆ ತರಬೇಕು: ಅಡಿಕೆ ಕೊನೆ (ಗೊನೆ), ಹಲಸು, ಕಡಿದ ಕೊಂಬೆ. ಬಯಲುಸೀಮೆಯಲ್ಲಿ ಹಗ್ಗ ಹೆಚ್ಚಾಗಿ ಮೇಲೆತ್ತುತ್ತದೆ, ಮಲೆನಾಡಿನಲ್ಲಿ ಕೆಳಗಿಳಿಸುತ್ತದೆ. ಎರಡನ್ನೂ ಹತ್ತಿರದಿಂದ ನೋಡುವ ಭಾಗ್ಯ ನನ್ನದಾಯಿತು.

ಮೊದಲು ಬಾವಿ. ತಾಮ್ರದ ಕೊಡಪಾನ ಬರಿದಾಗಿದ್ದಾಗ 3 ಕಿಲೋ, ಅದು ಹಿಡಿಯುವ ನೀರು 15 ಲೀಟರ್ ಎಂದಿಟ್ಟುಕೊಳ್ಳಿ. ಕೊಡ ಕೆಳಗೆ ಹೋಗಿ ನೀರಿಗೆ ತಾಗಿದೊಡನೆ ಹಗ್ಗ ಸಡಿಲವಾಗುತ್ತದೆ. ಹಗ್ಗವನ್ನು ಪಕ್ಕಕ್ಕೆ ಒಮ್ಮೆ ಜಗ್ಗಿ ಬಿಟ್ಟರೆ ಕೊಡ ಮಗ್ಗುಲಾಗಿ, ಗುಳುಗುಳು ಸದ್ದು ಮಾಡುತ್ತಾ ಮುಳುಗುತ್ತದೆ. ತುಂಬಿದ ಕೊಡ ಪೂರ್ತಿಯಾಗಿ ನೀರಿನೊಳಗಿರುವಷ್ಟು ಹೊತ್ತು ಅದರ ಒಡಲಿನ 15 ಲೀಟರ್ ನೀರಿಗೆ ಹಗ್ಗದ ಮಟ್ಟಿಗೆ ತೂಕವೇ ಇಲ್ಲ. ಸುತ್ತಲಿನ ನೀರೇ ಅದನ್ನು ಹೊತ್ತಿರುತ್ತದೆ. ತಾಮ್ರದ ಸಾಂದ್ರತೆ ನೀರಿಗಿಂತ ಸುಮಾರು 9 ಪಟ್ಟು ಹೆಚ್ಚು. ಹಾಗಾಗಿ ಆ 3 ಕಿಲೋ ತಾಮ್ರವೂ ಒಂಬತ್ತರಲ್ಲಿ ಒಂದು ಪಾಲು ತೂಕ ಕಳೆದುಕೊಂಡು 2.7 ಕಿಲೋ ಆಸುಪಾಸಿಗೆ ಇಳಿಯುತ್ತದೆ. ಪ್ಲಾಸ್ಟಿಕ್ ಬಿಂದಿಗೆಯಾದರೆ ಅಷ್ಟೂ ಇಲ್ಲ. ಅದರ ಪ್ಲಾಸ್ಟಿಕ್ ನೀರಿಗಿಂತ ತುಸು ಹಗುರವಾದ್ದರಿಂದ ಅದನ್ನು ಮುಳುಗಿಸುವುದೇ ಒಂದು ಕೆಲಸ.

ಆಮೇಲೆ ಎಳೆಯಲು ತೊಡಗುತ್ತೇವೆ. ಕೊಡದ ಬಾಯಿ ನೀರಿನಿಂದ ಮೇಲೆ ಬರುತ್ತದೆ, ಕಂಠ ಬರುತ್ತದೆ, ಹೊಟ್ಟೆ ಬರುತ್ತದೆ. ಒಂದು ಮೊಳದ ಅಂತರದೊಳಗೆ ಕೊಡದ ಭಾರ 2.7ರಿಂದ 18ಕ್ಕೆ ಏರುತ್ತದೆ. ಸೊಂಟ ಹಿಡಿದುಕೊಳ್ಳುವುದು, ಹಗ್ಗ ಕೈಯಿಂದ ಜಾರಿ ಅಂಗೈ ಸುಲಿಯುವುದು, ಬಗ್ಗಿ ನಿಂತ ಮಕ್ಕಳು ಮುಗ್ಗರಿಸುವುದು ಈ ಒಂದು ಮೊಳದಲ್ಲಿಯೇ. ನನ್ನ ಅಜ್ಜಿ ಕೊಡ ಮುಳುಗಿದ ಮೇಲೆ ಕೂಡಲೇ ಸೇದುತ್ತಿರಲಿಲ್ಲ. ಹಗ್ಗವನ್ನು ಮೆಲ್ಲಗೆ ಬಿಗಿ ಮಾಡಿ, ಕೊಡವನ್ನು ನೀರಿನ ಮಟ್ಟದ ಕೆಳಗೇ ತಡೆದು, ಒಂದು ಕಾಲನ್ನು ಹಿಂದಕ್ಕೆ ಊರಿ, ಉಸಿರು ತೆಗೆದುಕೊಂಡು ನಂತರ ನಿಧಾನವಾಗಿ ಎಳೆಯುತ್ತಿದ್ದಳು. ನೋಡುವವರಿಗೆ ಅದು ವಯಸ್ಸಿನ ನಿಧಾನದಂತೆ ಕಾಣುತ್ತಿತ್ತು. ಬರಲಿರುವ ಭಾರಕ್ಕೆ ಅವಳು ಮೈಯನ್ನು ಮೊದಲೇ ಅಣಿ ಮಾಡುತ್ತಿದ್ದಳು.

ಇನ್ನು ಹಗ್ಗದ್ದೇ ತೂಕ. ಹೆಬ್ಬೆರಳು ಗಾತ್ರದ ತೆಂಗಿನ ನಾರಿನ ಹಗ್ಗ 60 ಅಡಿ ಉದ್ದವಿದ್ದರೆ, ಅಂದರೆ ಹತ್ತು ಮಾರು, ಒಣಗಿದ್ದಾಗಲೇ ನಾಲ್ಕು ಕಿಲೋ ಹತ್ತಿರ ತೂಗುತ್ತದೆ. ನೀರು ಹೀರಿದ ಭಾಗ ಇನ್ನೂ ಭಾರ. ಹಾಗಾಗಿ ಕೊಡ ನೀರನ್ನು ಬಿಟ್ಟ ಗಳಿಗೆಯಲ್ಲಿ ಕೈಗೆ ಬರುವುದು 22 ಕಿಲೋ. ಸೇದುತ್ತ ಹೋದಂತೆ ತೂಗುವ ಹಗ್ಗ ಗಿಡ್ಡವಾಗುತ್ತದೆ, ಪ್ರತಿ ಮಾರಿಗೂ ಭಾರ ತುಸು ಇಳಿಯುತ್ತದೆ, ಕೊಡ ಕಟ್ಟೆಗೆ ಬರುವ ಹೊತ್ತಿಗೆ 18 ಉಳಿದಿರುತ್ತದೆ. ಆದರೆ ಸೇದಿದವರನ್ನು ಕೇಳಿ ನೋಡಿ, ಕೊನೆಯ ಎರಡು ಮಾರು ಎಲ್ಲಕ್ಕಿಂತ ಭಾರ ಎನ್ನುತ್ತಾರೆ. ಅವರ ಮಾತು ಸುಳ್ಳಲ್ಲ. ದಣಿದ ಸ್ನಾಯುವಿನಿಂದ ಅಷ್ಟೇ ಬಲ ಪಡೆಯಲು ಮಿದುಳು ಮೊದಲಿಗಿಂತ ಹೆಚ್ಚಿನ ಆಜ್ಞೆ ಕಳುಹಿಸಬೇಕಾಗುತ್ತದೆ. ನಾವು ಭಾರವೆಂದು ಅನುಭವಿಸುವುದು ಬಹುಮಟ್ಟಿಗೆ ಆ ಆಜ್ಞೆಯ ಪ್ರಮಾಣವನ್ನೇ. ಹಗ್ಗ ಹಗುರವಾಗುತ್ತಾ ಬರುತ್ತದೆ, ತೋಳು ಸೋಲುತ್ತಾ ಹೋಗುತ್ತದೆ. ಬಯಲುಸೀಮೆಯ ಹೆಣ್ಣುಮಕ್ಕಳು ಬೇಸಿಗೆಯುದ್ದಕ್ಕೂ ದಿನ ಬೆಳಗಾದರೆ ಹೀಗೆಯೇ ನೀರು ಸೇದಿದರು. ಅವರು ಎತ್ತಿದ್ದನ್ನು ಲೀಟರಿನಲ್ಲಿ ಅಳೆದರೆ ಅರ್ಧ ಮಾತ್ರ ಅಳೆದಂತೆ.

ಎಳೆಯುವ ಲಯವೂ ಭಾರವನ್ನು ಬದಲಿಸುತ್ತದೆ. ನಿಂತ ವಸ್ತುವಿಗೆ ವೇಗ ಕೊಡಬೇಕಾದರೆ ಅದರ ತೂಕಕ್ಕಿಂತ ಹೆಚ್ಚಿನ ಬಲ ಹಾಕಬೇಕು. ಪ್ರತಿ ಸೆಕೆಂಡಿಗೂ ವೇಗವನ್ನು ಸೆಕೆಂಡಿಗೆ 2 ಮೀಟರಿನಷ್ಟು ಹೆಚ್ಚಿಸುವ ಸಾಧಾರಣ ಜಗ್ಗಿಗೂ ಐದರಲ್ಲಿ ಒಂದು ಪಾಲು ಭಾರ ಕೂಡಿಕೊಳ್ಳುತ್ತದೆ. ಜಗ್ಗಿ ನಿಲ್ಲಿಸಿ, ಜಗ್ಗಿ ನಿಲ್ಲಿಸಿ ಸೇದುವವರು ಪ್ರತಿ ಸಲವೂ ಈ ದಂಡ ತೆರುತ್ತಾರೆ. ಪಳಗಿದ ಕೈಗಳಲ್ಲಿ ಒಂದು ಬಿಡುವ ಮೊದಲೇ ಇನ್ನೊಂದು ಹಿಡಿದಿರುತ್ತದೆ; ಕೊಡ ಎಲ್ಲಿಯೂ ನಿಲ್ಲುವುದಿಲ್ಲ.

ಹಗ್ಗ ಯಾವುದೆಂಬುದೂ ಮುಖ್ಯ. ನಾರಿನ ಹಗ್ಗದ ಜಾಗಕ್ಕೆ ಸಣ್ಣ ನೈಲಾನ್ ಹಗ್ಗ ಬಂದಾಗ ಎಲ್ಲರೂ ಹಗುರವಾಯಿತು ಎಂದು ಸಂತೋಷಪಟ್ಟರು. ಹಗ್ಗವೇನೋ ಹಗುರವಾಯಿತು, ಕೊಡ ಮಾತ್ರ ಭಾರವಾಯಿತು. ಅಷ್ಟೇ ಬಲ ಕಿರಿದಾದ ಜಾಗದ ಮೇಲೆ ಬಿದ್ದು ಬೆರಳ ಸಂದುಗಳನ್ನು ಕೊರೆಯಿತು. ಜೊತೆಗೆ ನುಣುಪು ಹಗ್ಗ ಜಾರುವುದರಿಂದ ಮುಷ್ಟಿಯನ್ನು ಇನ್ನಷ್ಟು ಬಿಗಿಹಿಡಿಯಬೇಕಾಯಿತು. ಒಂದೇ ತೂಕದ ಎರಡು ವಸ್ತುಗಳಲ್ಲಿ ನುಣುಪಾದದ್ದು ಹೆಚ್ಚು ಭಾರವೆನಿಸುತ್ತದೆ ಎಂದು ಪ್ರಯೋಗಗಳು ತೋರಿಸಿವೆ. ಹಿಡಿತಕ್ಕೆ ಹಾಕಿದ ಬಲವನ್ನೂ ಮೈ ಭಾರದ ಖಾತೆಗೇ ಬರೆದುಕೊಳ್ಳುತ್ತದೆ. ಒರಟು ನಾರಿನ ಹಗ್ಗವನ್ನು ಬಿಡಲೊಪ್ಪದ ಮುದುಕಿಯರ ಹಟದಲ್ಲಿ ಇಷ್ಟು ವಿವೇಕವಿತ್ತು.

ಪಾತಾಳಗರಡಿಯನ್ನು ಈಗಿನ ಮಕ್ಕಳು ನೋಡಿರಲಾರರು. ಒಂದು ಕಬ್ಬಿಣದ ಬಳೆ, ಅದರ ಸುತ್ತ ನೇತಾಡುವ ಕೊಕ್ಕೆಗಳು. ಹಗ್ಗ ಹರಿದು ಕೊಡ ಬಾವಿಗೆ ಬಿದ್ದರೆ ಗರಡಿ ಇಳಿಸಿ ಅದನ್ನು ಹುಡುಕಬೇಕು. ಊರಿಗೆ ಒಂದೋ ಎರಡೋ ಇರುತ್ತಿದ್ದವು, ಬೇಕಾದವರು ಕೇಳಿ ತರುತ್ತಿದ್ದರು. ಈ ಕೆಲಸದಲ್ಲಿ ಕಣ್ಣಿಗೆ ಏನೂ ಪಾತ್ರವಿಲ್ಲ. ಕೆಳಗೆ ಕಪ್ಪು ನೀರು, ಕೈಯಲ್ಲಿ ಹಗ್ಗ. ತಳಕ್ಕೆ ತಾಗಿದಾಗ ಹಗ್ಗ ಸಡಿಲ. ಕೆಸರಿನಲ್ಲಿ ಎಳೆದಾಗ ಒಂದು ಬಗೆಯ ಬಿಗಿ. ಕಲ್ಲಿಗೆ ಸಿಕ್ಕಿದರೆ ಕಟುವಾದ, ಒಂದಿಷ್ಟೂ ಬಿಟ್ಟುಕೊಡದ ಬಿಗಿ. ಕೊಡ ಸಿಕ್ಕಿದಾಗ? ಅದು ನೀರಿನೊಳಗಿದೆ, ಆದ್ದರಿಂದ ಎರಡು ಕಿಲೋ ಗರಡಿಯ ಜೊತೆ ಹೆಚ್ಚೆಂದರೆ ಎರಡೂವರೆ ಮೂರು ಕಿಲೋ ಕೂಡಿಕೊಳ್ಳುತ್ತದೆ. ಸಣ್ಣ ಚೊಂಬಾದರೆ ಕೂಡುವುದು ಕೆಲವು ನೂರು ಗ್ರಾಂ ಅಷ್ಟೇ.

ಜರ್ಮನಿಯ ಅರ್ನ್ಸ್ಟ್ ವೆಬರ್ 1834ರಲ್ಲಿ ಪ್ರಕಟಿಸಿದ ಅಧ್ಯಯನ ಇಲ್ಲಿ ನೆನಪಾಗುತ್ತದೆ. ಎರಡು ತೂಕಗಳ ವ್ಯತ್ಯಾಸ ನಮಗೆ ತಿಳಿಯಬೇಕಾದರೆ ಅದು ಇಷ್ಟೇ ಗ್ರಾಂ ಇರಬೇಕೆಂಬ ನಿಯಮವಿಲ್ಲ, ಮೂಲ ತೂಕದ ಇಂತಿಷ್ಟು ಪಾಲು ಇರಬೇಕು ಎಂಬುದನ್ನು ಅವರು ಕಂಡುಕೊಂಡರು. ಕೈಯಿಂದ ಎತ್ತಿ ನೋಡುವಾಗ ಅದು ಸುಮಾರು ನಲವತ್ತರಲ್ಲಿ ಒಂದು ಪಾಲು. ಸುಮ್ಮನೆ ಅಂಗೈ ಮೇಲೆ ಇಟ್ಟುಕೊಂಡರೆ ಅಷ್ಟು ಸೂಕ್ಷ್ಮವಾಗಿ ತಿಳಿಯುವುದಿಲ್ಲ, ಎತ್ತಬೇಕು. ಆ ಲೆಕ್ಕದಲ್ಲಿ ಎರಡು ಕಿಲೋ ಗರಡಿ ಹಿಡಿದ ಕೈಗೆ 50 ಗ್ರಾಂ ವ್ಯತ್ಯಾಸ ಗೊತ್ತಾಗಬಹುದು. 20 ಕಿಲೋ ಹಿಡಿದ ಕೈಗೆ ಅರ್ಧ ಕಿಲೋ ಕೂಡಿದರೆ ಮಾತ್ರ ಗೊತ್ತಾಗುತ್ತದೆ. ಹಗುರವಾದ ಗರಡಿಯೇ ಒಳ್ಳೆಯದು ಎಂಬ ಮಾತಿಗೆ ಇದೇ ಆಧಾರ.

ಅದಕ್ಕಿಂತ ನನ್ನನ್ನು ಬೆರಗುಗೊಳಿಸುವುದು ಇನ್ನೊಂದು. ಗರಡಿ ಆಡಿಸುವುದರಲ್ಲಿ ಪಳಗಿದ ನಮ್ಮೂರ ಹಿರಿಯರೊಬ್ಬರು ಏನೋ ಸಿಕ್ಕಿದೆ ಅನ್ನಿಸಿದಾಗ ಹಗ್ಗವನ್ನು ಎಳೆಯುತ್ತಿರಲಿಲ್ಲ, ಮಣಿಕಟ್ಟಿನಿಂದ ಚುಟುಕಾಗಿ ಕುಲುಕುತ್ತಿದ್ದರು. ನೀರು ತುಂಬಿದ ಕೊಡಕ್ಕೆ ನೀರಿನೊಳಗೆ ಹೆಚ್ಚು ತೂಕವಿಲ್ಲ ನಿಜ, ಆದರೆ ಅದರೊಳಗಿನ 15 ಕಿಲೋ ನೀರು ಎಲ್ಲಿಗೂ ಹೋಗಿಲ್ಲ. ಮೆಲ್ಲಗೆ ಎತ್ತಿದರೆ ಹಗುರವಾಗಿ ಬರುತ್ತದೆ. ಥಟ್ಟನೆ ಕುಲುಕಿದರೆ ಆ ಹದಿನೈದು ಕಿಲೋವನ್ನೂ ಅಲುಗಾಡಿಸಬೇಕು, ಅದು ತಡವರಿಸುತ್ತದೆ. ತೂಕ ಒಂದು, ಜಡತ್ವ ಇನ್ನೊಂದು. ಒಂದು ಕುಲುಕಿನಲ್ಲಿ ಇವೆರಡನ್ನೂ ಬೇರ್ಪಡಿಸಿ, ಸಿಕ್ಕಿದ್ದು ಸೌದೆ ತುಂಡೋ ತುಂಬಿದ ಕೊಡವೋ ಎಂದು ಅವರು ಹೇಳುತ್ತಿದ್ದರು. ಶಾಲೆಯ ಮೆಟ್ಟಿಲು ಹತ್ತದ ಮನುಷ್ಯ. ಭೌತಶಾಸ್ತ್ರದ ಮೊದಲ ಪಾಠಗಳಲ್ಲಿ ಮಕ್ಕಳು ಎಡವುವುದು ಇದೇ ಭೇದದಲ್ಲಿ.

ಕಾಣದೆ ಎತ್ತುವುದರಲ್ಲಿ ಒಂದು ಲಾಭವೂ ಇದೆ. ಒಂದೇ ತೂಕದ ದೊಡ್ಡ ಡಬ್ಬಿ, ಚಿಕ್ಕ ಡಬ್ಬಿ ಎತ್ತಿ ನೋಡಿ, ಚಿಕ್ಕದೇ ಭಾರವೆನಿಸುತ್ತದೆ. ಫ್ರಾನ್ಸಿನ ವೈದ್ಯ ಆಗಸ್ಟಿನ್ ಶಾರ್ಪಾಂಟಿಯೆ 1891ರಲ್ಲಿ ಇದನ್ನು ವಿವರಿಸಿದರು. ಎರಡರ ತೂಕವೂ ಒಂದೇ ಎಂದು ಗೊತ್ತಾದ ಮೇಲೂ ಈ ಭ್ರಮೆ ಹೋಗುವುದಿಲ್ಲ. ಆದರೆ ಕೆಲವೇ ಸಲ ಎತ್ತಿದ ಬಳಿಕ ಬೆರಳುಗಳು ಎರಡಕ್ಕೂ ಸರಿಯಾದ ಬಲವನ್ನೇ ಹಾಕತೊಡಗುತ್ತವೆ ಎಂದು ಈಚಿನ ಪ್ರಯೋಗಗಳು ಹೇಳುತ್ತವೆ. ಅಂದರೆ ಕೈ ಕಲಿತುಬಿಡುತ್ತದೆ, ಮನಸ್ಸು ಕಲಿಯುವುದಿಲ್ಲ. ಇಂಥ ಪ್ರಯೋಗಗಳಲ್ಲಿ ವಸ್ತುವಿಗೆ ದಾರ ಕಟ್ಟಿ ಎತ್ತಿಸುವುದೂ ಉಂಟು. ದಾರ ಹಿಡಿದ ಕೈಗೆ ಗಾತ್ರ ಗೊತ್ತಾಗುವುದಿಲ್ಲ. ಕಣ್ಣನ್ನೂ ಮುಚ್ಚಿದರೆ ದೊಡ್ಡದು ಚಿಕ್ಕದು ಎಂಬ ಸುಳಿವೇ ಇಲ್ಲ, ಉಳಿಯುವುದು ಎಳೆತ ಮಾತ್ರ. ಕತ್ತಲ ಬಾವಿಯಲ್ಲಿ ಗರಡಿ ಆಡಿಸುವವರದು ಇದೇ ಸ್ಥಿತಿ.

ರಾಟೆಯ ವಿಷಯ. ಕಟ್ಟೆಗೆ ಬಿಗಿದ ಒಂಟಿ ರಾಟೆ ಭಾರವನ್ನು ಒಂದು ಗ್ರಾಂ ಕೂಡ ಕಡಿಮೆ ಮಾಡುವುದಿಲ್ಲ. ಅದು ಎಳೆತದ ದಿಕ್ಕನ್ನು ತಿರುಗಿಸಿ, ನಮ್ಮ ಮೈತೂಕವನ್ನೇ ಕೆಲಸಕ್ಕೆ ಹಚ್ಚುತ್ತದೆ. ರಾಟೆ ಇಲ್ಲದೆ ಅಡ್ಡಮರದ ಮೇಲೆ ಹಗ್ಗ ಹಾಯಿಸಿ ಎಳೆದರೆ ಮಾತು ಬೇರೆ. ಹಗ್ಗ ಮರವನ್ನು ಎಷ್ಟು ಕಚ್ಚಿ ಹಿಡಿಯುತ್ತದೆ ಎಂಬುದರ ಅಳತೆಯಾದ ಘರ್ಷಣೆಯ ಗುಣಾಂಕ 0.3 ಇದ್ದರೆ, ಅರ್ಧ ಸುತ್ತು ಬಳಸಿದ ಹಗ್ಗಕ್ಕೆ ಎಳೆತ ಎರಡೂವರೆ ಪಟ್ಟಿಗೂ ತುಸು ಹೆಚ್ಚಾಗುತ್ತದೆ. 18 ಕಿಲೋ ಕೊಡ ಏರುವಾಗ 46 ಕಿಲೋ. ಅದೇ ಕೊಡವನ್ನು ಅದೇ ಮರದ ಮೇಲಿಂದ ಇಳಿಸಿ, ಬರೀ 7 ಕಿಲೋ. ಏರುವಾಗ ಎದುರು ನಿಂತ ಘರ್ಷಣೆ ಇಳಿಯುವಾಗ ನಮ್ಮ ಪಕ್ಷಕ್ಕೆ ಬರುತ್ತದೆ. ಹಳೆಯ ಬಾವಿಗಳ ಕಲ್ಲಿನ ಅಂಚಿನಲ್ಲಿ ಹಗ್ಗ ಕೊರೆದ ಗೆರೆಗಳನ್ನು ಕಂಡಾಗಲೆಲ್ಲ ನನಗೆ ಅನ್ನಿಸುವುದು ಒಂದೇ: ಕಲ್ಲನ್ನು ಸವೆಸಿದ ಆ ಶ್ರಮದಲ್ಲಿ ಮನೆಗೆ ನೀರಾಗಿ ಬಂದದ್ದು ಒಂದು ಪಾಲು ಮಾತ್ರ.

ಎತ್ತುಗಳಿಂದ ಬಾವಿಯ ನೀರೆತ್ತಿಸುವ ಕಪಿಲೆ ಕಟ್ಟಿದವರು ಇದನ್ನೆಲ್ಲ ಬಲ್ಲವರು. ನೂರು ಲೀಟರಿನ ಆಸುಪಾಸಿನ ಚರ್ಮದ ಬಾನಿಯನ್ನು ಎತ್ತುಗಳು ಎಳೆಯುವ ದಾರಿಯನ್ನು ಅವರು ಇಳಿಜಾರಾಗಿ ತೋಡುತ್ತಿದ್ದರು. ಎತ್ತು ಇಳಿಯುತ್ತಾ ಎಳೆಯುವಾಗ ಅದರ ಮೈತೂಕವೂ ಹಗ್ಗಕ್ಕೆ ಸೇರುತ್ತದೆ.

ಘರ್ಷಣೆ ಪೂರ್ತಿಯಾಗಿ ಮಿತ್ರನಾಗುವುದನ್ನು ನೋಡಬೇಕಾದರೆ ಮರಗಸಿಯ ಕಾಲದಲ್ಲಿ ಕಾಫಿ ತೋಟಕ್ಕೆ ಬರಬೇಕು. ನೆರಳು ಹದ ಮಾಡಲು ಮರದ ಕೊಂಬೆ ಕಡಿಯುತ್ತಾರೆ. ಕೆಳಗೆ ಕಾಫಿ ಗಿಡಗಳಿವೆ, ಪಕ್ಕದಲ್ಲಿ ಮೆಣಸಿನ ಬಳ್ಳಿ. ದೊಡ್ಡ ಕೊಂಬೆ ಹಾಗೆಯೇ ಬಿದ್ದರೆ ವರ್ಷಗಳ ಬೆಳೆ ನೆಲಸಮ. ಆದ್ದರಿಂದ ಕೊಂಬೆಗೆ ಹಗ್ಗ ಬಿಗಿದು, ಮೇಲಿನ ಗಟ್ಟಿ ಕವೆಯ ಮೂಲಕ ಹಾಯಿಸಿ, ಕೆಳಗೆ ಇನ್ನೊಂದು ಮರದ ಬುಡಕ್ಕೆ ಎರಡು ಮೂರು ಸುತ್ತು ಹಾಕಿ ಒಬ್ಬ ಹಿಡಿದು ನಿಲ್ಲುತ್ತಾನೆ. ಅದೇ 0.3ರ ಲೆಕ್ಕದಲ್ಲಿ ಒಂದು ಸುತ್ತಿಗೆ ಎಳೆತ ಆರೂವರೆ ಪಾಲಿನಲ್ಲಿ ಒಂದಕ್ಕೆ ಇಳಿಯುತ್ತದೆ. ಎರಡು ಸುತ್ತಿಗೆ 43ರಲ್ಲಿ ಒಂದು, ಮೂರಕ್ಕೆ 285ರಲ್ಲಿ ಒಂದು. 200 ಕಿಲೋ ಕೊಂಬೆಯನ್ನು ಎರಡು ಸುತ್ತಿನ ಹಿಂದೆ ನಿಂತವನು ಐದು ಕಿಲೋಗಿಂತ ಕಡಿಮೆ ಬಲದಲ್ಲಿ ತಡೆಯಬಲ್ಲ. ಬುಡ ದಪ್ಪವಿದ್ದರೂ ಸಣ್ಣದಿದ್ದರೂ ಈ ಅನುಪಾತ ಬದಲಾಗುವುದಿಲ್ಲ. ಎಷ್ಟು ಸುತ್ತು, ತೊಗಟೆ ಎಷ್ಟು ಒರಟು ಎಂಬುದೇ ಎಲ್ಲ. ಈ ಸೂತ್ರಕ್ಕೆ ಆಯ್ಲರ್ ಮತ್ತು ಐಟೆಲ್‌ವೈನ್ ಎಂಬ ಇಬ್ಬರ ಹೆಸರಿದೆ. ತೋಟದಲ್ಲಿ ಅದು ‘ಇನ್ನೊಂದು ಸುತ್ತು ಹಾಕು’ ಎಂಬ ಕೂಗಾಗಿ ಕೇಳಿಸುತ್ತದೆ. ಮಳೆಗೆ ತೊಗಟೆ ನೆನೆದು ಪಾಚಿ ಕಟ್ಟಿದ್ದರೆ ಗುಣಾಂಕ ಇಳಿಯುತ್ತದೆ, ಆಗ ಕೇಳದೆಯೇ ಒಂದು ಸುತ್ತು ಹೆಚ್ಚಾಗುತ್ತದೆ.

ಇಲ್ಲಿ ಜೀವ ತೆಗೆಯುವುದು ತೂಕಕ್ಕಿಂತ ಹೆಚ್ಚಾಗಿ ಜಗ್ಗು. ಕೊಂಬೆ ಮುರಿದು 1 ಮೀಟರ್ ಬಿದ್ದು, ಹಗ್ಗ ಅದನ್ನು 10 ಸೆಂಟಿಮೀಟರಿನೊಳಗೆ ತಡೆದು ನಿಲ್ಲಿಸಿದರೆ, ತಡೆಯುವಾಗಿನ ಸರಾಸರಿ ಬಲ ತೂಕದ 11 ಪಟ್ಟು. 100 ಕಿಲೋ ಕೊಂಬೆ ಆ ಕ್ಷಣಕ್ಕೆ ಒಂದು ಟನ್ನನ್ನೂ ಮೀರುತ್ತದೆ. ಅದೇ ಕೊಂಬೆಯನ್ನು ಹಗ್ಗ ಜಾರಲು ಬಿಟ್ಟು 2 ಮೀಟರ್ ದೂರದಲ್ಲಿ ನಿಲ್ಲಿಸಿದರೆ ಒಂದೂವರೆ ಪಟ್ಟು ಮಾತ್ರ. ಪಳಗಿದವನು ಕೊಂಬೆ ಲಟ್ಟೆನ್ನುವ ಸದ್ದಿಗೆ ಹಗ್ಗವನ್ನು ಬಿಗಿಹಿಡಿಯುವುದಿಲ್ಲ, ಒಂದಿಷ್ಟು ಬಿಟ್ಟುಕೊಟ್ಟು ಆಮೇಲೆ ಹಿಡಿಯುತ್ತಾನೆ. ಹೊಸಬ ಹೆದರಿ ಗಟ್ಟಿಯಾಗಿ ಹಿಡಿಯುತ್ತಾನೆ, ಹಗ್ಗ ತುಂಡಾಗುತ್ತದೆ. ಕೈಗೆ ಹಗ್ಗ ಸುತ್ತಿಕೊಂಡು ನಿಲ್ಲುವ ಹುಡುಗರನ್ನು ಕಂಡರೆ ನನಗೆ ಎದೆ ಹೊಡೆದುಕೊಳ್ಳುತ್ತದೆ. ದಯವಿಟ್ಟು ಮರಕ್ಕೆ ಸುತ್ತಿ, ಕೈಗೆ ಬೇಡ. ಬಿಗಿದ ಹಗ್ಗದ ನೇರಕ್ಕೆ ಯಾರೂ ನಿಲ್ಲಬೇಡಿ.

ಅಡಿಕೆ ಕೊಯ್ಲಿನಲ್ಲಿಯೂ ಇದರದೇ ಇನ್ನೊಂದು ಮುಖವಿದೆ. ಮರದ ತುದಿಯಿಂದ ಓರೆಯಾಗಿ ಇಳಿದ ಹಗ್ಗದ ಮೇಲೆ ಕೊನೆ ಜಾರಿ ಬರುತ್ತದೆ, ಕೆಳಗೆ ಒಬ್ಬರು ಹಗ್ಗ ಹಿಡಿದಿರುತ್ತಾರೆ. ಹಗ್ಗವನ್ನು ಬಿಗಿ ಮಾಡಿದಷ್ಟೂ ನಡುವಿನ ಸಣ್ಣ ಭಾರಕ್ಕೆ ದೊಡ್ಡ ಎಳೆತ ಹುಟ್ಟುತ್ತದೆ. ಒಂದು ಭಾರವನ್ನು ಎರಡು ಕಡೆಯಿಂದ ಸಮನಾಗಿ ಹಿಡಿದ ಹಗ್ಗಗಳ ನಡುವಿನ ಕೋನ 120 ಡಿಗ್ರಿ ಆದರೆ ಎರಡೂ ಬದಿಯವರಿಗೆ ಪೂರ್ತಿ ಭಾರವೇ ಬೀಳುತ್ತದೆ. ಹಂಚಿಕೊಂಡದ್ದರಿಂದ ಏನೂ ಉಳಿಯುವುದಿಲ್ಲ. 160 ಡಿಗ್ರಿಗೆ ಬಂದರೆ ಪ್ರತಿಯೊಬ್ಬರಿಗೂ ಸುಮಾರು ಮೂರು ಪಟ್ಟು. ಬಾವಿಯಿಂದ ಪಂಪು ಎತ್ತುವಾಗ ಆಚೆ ಈಚೆ ನಿಂತು ಎಳೆಯುವವರು ಇದನ್ನು ಗಮನಿಸಬೇಕು: ಪಂಪು ಮೇಲಕ್ಕೆ ಬಂದಂತೆ ಹಗ್ಗಗಳು ಅಗಲವಾಗುತ್ತವೆ, ಭಾರ ಹೆಚ್ಚುತ್ತದೆ, ತೋಳು ಸೋತಿರುವ ಹೊತ್ತಿಗೇ.

ಈಗ ನಮ್ಮ ತವರಿನ ಕಡೆ ಸೇದುವ ಬಾವಿಗಳಿಲ್ಲ. ಕೊಳವೆಬಾವಿಯ ಮೋಟಾರು ಕೆಟ್ಟರೆ ಮೂರು ಕಾಲಿನ ಕಬ್ಬಿಣದ ಚೌಕಟ್ಟು, ಚೈನ್ ಪುಲ್ಲಿ ತಂದು ಪೈಪುಗಳನ್ನು ಒಂದೊಂದಾಗಿ ಎತ್ತುತ್ತಾರೆ. ಚೈನ್ ಪುಲ್ಲಿಯ ಹಲ್ಲುಗಾಲಿಗಳು ಭಾರವನ್ನು ಎಷ್ಟೋ ಪಟ್ಟು ಕುಗ್ಗಿಸಿ ಕೈಗೆ ಕೊಡುತ್ತವೆ. ಕೆಳಗೆ ಮೋಟಾರು ಕಲ್ಲಿಗೆ ಸಿಕ್ಕಿಕೊಂಡರೂ ಎಳೆಯುವವನಿಗೆ ಕೂಡಲೇ ಗೊತ್ತಾಗುವುದಿಲ್ಲ. ಅದಕ್ಕೇ ತಂಡದ ಹಿರಿಯ ಒಬ್ಬನು ಚೈನಿನ ಗೊಡವೆಗೆ ಹೋಗದೆ, ಮೋಟಾರಿಗೆ ಕಟ್ಟಿದ ಹಗ್ಗವನ್ನು ಎರಡು ಬೆರಳಲ್ಲಿ ಹಿಡಿದು ನಿಂತಿರುವುದನ್ನು ನೋಡಿದ್ದೇನೆ. ‘ನಿಲ್ಲಿಸಿ’ ಎಂದು ಮೊದಲು ಹೇಳುವವನು ಅವನೇ.

ಬಸ್ಸಿನಲ್ಲಿ, ವಿಮಾನದಲ್ಲಿ ಹೋಗುವವರು ಚೀಲ ತೂಗಲು ಬಳಸುವ ಡಿಜಿಟಲ್ ಕೊಕ್ಕೆ ತಕ್ಕಡಿ ಈಗ ಅಗ್ಗವಾಗಿ ಸಿಗುತ್ತದೆ. ಅಂಥದೊಂದನ್ನು ಬಾವಿಹಗ್ಗದ ನಡುವೆ ಕಟ್ಟಿದರೆ ಕೊಡ ನೀರಿನಿಂದ ಏಳುವಾಗ ಅಂಕಿ ಏರುವುದನ್ನು, ಜಗ್ಗಿದಾಗ ಜಿಗಿಯುವುದನ್ನು ಮಕ್ಕಳು ಕಣ್ಣಾರೆ ಕಾಣಬಹುದು. ನಮ್ಮ ಕೊಪ್ಪದ ಮನೆಯ ಬಾವಿಯಲ್ಲಿ ಬೇಸಿಗೆಯ ಹೊತ್ತಿಗೆ ನೀರು ಸಾಕಷ್ಟು ಕೆಳಗಿಳಿದಿರುತ್ತದೆ. ಆಗ ಸುತ್ತಲಿನ ಮಕ್ಕಳನ್ನೂ, ಹಗ್ಗದ ಕೆಲಸ ಬಲ್ಲ ಹಿರಿಯರನ್ನೂ ಒಟ್ಟಿಗೆ ಕರೆಯಬೇಕೆಂದಿದ್ದೇನೆ. ತಕ್ಕಡಿಯ ಮುಖಕ್ಕೆ ಬಟ್ಟೆ ಕಟ್ಟುವುದು, ಹಗ್ಗ ಹಿಡಿದ ಹಿರಿಯರು ಎಷ್ಟು ಕಿಲೋ ಎಂದು ಹೇಳುವುದು, ಮಕ್ಕಳು ಅದನ್ನು ಬರೆದುಕೊಂಡು ಆಮೇಲೆ ಬಟ್ಟೆ ಬಿಚ್ಚಿ ನೋಡುವುದು.